ನೀರಿಗಾಗಿ ಕನ್ನಡದಲ್ಲಿ ಬರೆದ ಅರ್ಜಿ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಫಲಕದಲ್ಲಿ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್ ಎಂದು ಬರೆದಿದ್ದರೂ 18 ವರ್ಷಗಳಿಂದ ನಾನು ಹೆಚ್ಚಾಗಿ ಮಾಡುತ್ತ ಬಂದಿರುವುದು ಅರ್ಜಿ ತುಂಬಿಸಿಕೊಡುವ ಕೆಲಸ. ರೇಶನ್ ಕಾರ್ಡಿನ ತಿದ್ದುಪಡಿ, ವಿಧವಾ ಪಿಂಚಣಿ, ಜಾತಿ ಪ್ರಮಾಣಪತ್ರ, ತೋಟದ ಕಂದಾಯ, ಹೀಗೆ ಮಲಯಾಳಂ ಓದಲು ಬಾರದ ನಮ್ಮ ಕಡೆಯ ಹಿರಿಯರು ಹಿಡಿದುಕೊಂಡು ಬರುವ ಕಾಗದಗಳನ್ನು ಓದಿ ಹೇಳಿ, ಅವರು ಹೇಳಿದ್ದನ್ನು ಬರೆದುಕೊಟ್ಟು ನನ್ನ ಸಂಸಾರ ನಡೆದಿದೆ. ಒಂದು ಊರಿನ ಯುವಜನರ ಮನಸ್ಸಿನಲ್ಲಿ ಏನಿದೆ ಎಂಬುದು ಅವರು ತುಂಬಿಸಲು ತರುವ ಅರ್ಜಿಗಳಿಂದ ಗೊತ್ತಾಗುತ್ತದೆ ಎಂಬುದು ಈ ಮೇಜಿನ ಹಿಂದೆ ಕುಳಿತು ನಾನು ಕಲಿತ ಪಾಠ. ಮೊದಲ ಹತ್ತು ಹನ್ನೆರಡು ವರ್ಷ ಅವರು ತಂದದ್ದು ಮೂರೇ ಬಗೆಯ ಅರ್ಜಿಗಳು: ಗಲ್ಫಿಗೆ ಹೋಗಲು ಪಾಸ್‌ಪೋರ್ಟು, ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ, ಮಂಗಳೂರು ಅಥವಾ ಬೆಂಗಳೂರಿನ ಕಂಪೆನಿಗೆ ಬಯೋಡೇಟಾ. ಮೂರೂ ಊರು ಬಿಡುವ ಅಥವಾ ಊರಲ್ಲಿದ್ದರೂ ಊರಿನ ಗೊಡವೆಯಿಂದ ಬಿಡುಗಡೆ ಪಡೆಯುವ ಅರ್ಜಿಗಳೇ. ಕಳೆದ ಐದಾರು ವರ್ಷಗಳಿಂದ ಬೇರೆಯ ಬಗೆಯ ಕಾಗದಗಳೂ ಬರತೊಡಗಿವೆ. ಅವುಗಳಲ್ಲಿ ಒಂದರ ಹಿಂದಿನ ಕಥೆಯನ್ನು ಇಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಆ ಅರ್ಜಿಯನ್ನು ತಂದವರು ನಾಲ್ವರು. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಮುಗಿಸಿ ಶಿಕ್ಷಕಿಯ ಹುದ್ದೆಗಾಗಿ ಕಾಯುತ್ತಿದ್ದ ಒಬ್ಬಳು ಹುಡುಗಿ, ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಒಬ್ಬ ಹುಡುಗ, ದುಬೈಯ ಅಂಗಡಿಯ ಕೆಲಸ ಬಿಟ್ಟು ಬಂದ ಇನ್ನೊಬ್ಬ, ಮತ್ತು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಟನೆಯ ಘಟಕದಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬಳು ಗೃಹಿಣಿ. ಒಂದೇ ವಾರ್ಡಿನವರಾಗಿದ್ದರೂ 2020ರ ಮೊದಲು ಇವರಿಗೆ ಪರಸ್ಪರ ಮುಖಪರಿಚಯಕ್ಕಿಂತ ಹೆಚ್ಚಿನ ಬಳಕೆಯಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಕೋವಿಡಿನಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಬಿದ್ದಾಗ, ಹೆರಿಗೆಗೂ ಹೃದಯಕ್ಕೂ ಮೂತ್ರಪಿಂಡಕ್ಕೂ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ಉತ್ತರ ಭಾಗ ಒಂದೇ ರಾತ್ರಿಯಲ್ಲಿ ಅನಾಥವಾಯಿತು. ಗಡಿಯಲ್ಲಿ ದಾರಿ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2013ರಲ್ಲಿ ಶಿಲಾನ್ಯಾಸವಾಗಿ ಅರ್ಧಕ್ಕೇ ನಿಂತಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಏಪ್ರಿಲಿನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಆಗಲೇ. ಕೇರಳ ಸರ್ಕಾರ 22ರಿಂದ 40 ವರ್ಷದವರನ್ನು ಸ್ವಯಂಸೇವಕರ ‘ಸನ್ನದ್ಧ ಸೇನೆ’ಗೆ ಕರೆದಾಗ ಈ ನಾಲ್ವರೂ ಹೆಸರು ಕೊಟ್ಟರು, ಬೈಕುಗಳಲ್ಲಿ ಮನೆಮನೆಗೆ ಮದ್ದು ಮುಟ್ಟಿಸಿದರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯ ಬಾವಿ ಫೆಬ್ರವರಿಯಲ್ಲೇ ಬತ್ತುತ್ತದೆ, ಯಾರ ಪಿಂಚಣಿ ಯಾವ ಕಾಗದದ ಕೊರತೆಯಿಂದ ನಿಂತಿದೆ ಎಂಬುದೆಲ್ಲ ಅವರಿಗೆ ಗೊತ್ತಾದದ್ದು ಆ ಮೂರು ತಿಂಗಳಲ್ಲಿ. ಮುಂದೆ ಅವರು ಮಾಡಿದ್ದಕ್ಕೆಲ್ಲ ಬೇರು ಅಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಉದ್ಯಮದ ಯೋಚನೆ ಬಂದದ್ದು ಆಮೇಲೆ. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಾಗಿತ್ತು. 2022ರ ಜುಲೈಯಿಂದ ದೇಶವಿಡೀ ಅದು ಬಂತು. ಮದುವೆ, ಗೃಹಪ್ರವೇಶ, ಜಾತ್ರೆ, ಉರೂಸ್ ಎಲ್ಲದಕ್ಕೂ ತಟ್ಟೆ ಬೇಕು. ನಮ್ಮಲ್ಲಿ ಅಡಿಕೆ ತೋಟಗಳಿಗೆ ಕೊರತೆಯಿಲ್ಲ. ಒಂದು ಕಂಗು, ಅಂದರೆ ಅಡಿಕೆ ಮರ, ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಹಿಂದೆ ಅದು ದನಕ್ಕೆ ಮೇವಾಗಿ, ನೀರೆತ್ತುವ ಚಿಳ್ಳಿಯಾಗಿ, ತಲೆಗಿಡುವ ಮುಟ್ಟಾಳೆಯಾಗಿ ಕೆಲಸಕ್ಕೆ ಬರುತ್ತಿತ್ತು, ಈಗ ಹೆಚ್ಚಿನ ತೋಟಗಳಲ್ಲಿ ಬುಡದಲ್ಲೇ ಕೊಳೆಯುತ್ತದೆ. ಹಾಳೆ ತಟ್ಟೆಯ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದು ಸುಲಭವೆಂದು ಕಾಣುತ್ತದೆ. ಹಾಳೆ ಬಿದ್ದ ಎರಡು ಮೂರು ದಿನಗಳಲ್ಲಿ ಹೆಕ್ಕಬೇಕು, ಬಿಸಿಲಿಗೆ ಒಣಗಿಸಿ ಕಟ್ಟು ಕಟ್ಟಿ ಮಳೆ ತಾಗದ ಕಡೆ ಇಡಬೇಕು. ಒಮ್ಮೆ ನೆನೆದ ಹಾಳೆಗೆ ಬೂಷ್ಟು ಹಿಡಿದರೆ ಆ ಕಪ್ಪು ಚುಕ್ಕೆ ಏನು ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ನವೆಂಬರಿನಿಂದ ಮೇವರೆಗಿನ ಹಾಳೆಯೇ ಇಡೀ ವರ್ಷದ ಬಂಡವಾಳ. ಅಚ್ಚಿಗೆ ಹಾಕುವ ಮೊದಲು ಅದನ್ನು ನೀರಿನಲ್ಲಿ ನೆನೆಸಿ, ಒಳಮೈಯನ್ನು ಬ್ರಶ್ಶಿನಿಂದ ತಿಕ್ಕಿ, ನಾಲ್ಕೈದು ಸಲ ತೊಳೆದು, ನೀರು ಬಸಿಯಲು ಗೋಡೆಗೆ ಒರಗಿಸಬೇಕು. ಹಸಿ ಹೆಚ್ಚಾದರೆ ಬಿಸಿ ಅಚ್ಚಿನಲ್ಲಿ ಹಾಳೆ ಗುಳ್ಳೆ ಏಳುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಆ ಹದವನ್ನು ಹೆಬ್ಬೆರಳಿನಿಂದ ಒತ್ತಿ ತಿಳಿಯುವುದನ್ನು ಕುಟುಂಬಶ್ರೀಯ ಆ ಹೆಣ್ಣುಮಗಳು ಎಲ್ಲರಿಗಿಂತ ಮೊದಲು ಕಲಿತಳು, ಉಳಿದವರಿಗೆ ಕಲಿಸಿದವಳೂ ಅವಳೇ.

ಹಣದ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಹೀಗೆ ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. 2008ರಿಂದ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಘಟಕಕ್ಕೆ ಅರ್ಜಿದಾರರು ಮಹಿಳೆಯಾದರೆ ಶೇ. 35ರಷ್ಟು ಸಹಾಯಧನ ಸಿಗುತ್ತದೆ ಮತ್ತು ಸ್ವಂತ ಪಾಲು ಶೇ. 5 ಸಾಕು, ಆದರೆ ಆ ಸಹಾಯಧನ ಕೈಗೆ ಬರುವ ದುಡ್ಡಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಇದ್ದು ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ಮೊದಲೇ ತಿಳಿಯದೆ ಯಂತ್ರಕ್ಕೆ ಮುಂಗಡ ಕೊಟ್ಟು ಸಿಕ್ಕಿಹಾಕಿಕೊಂಡವರನ್ನು ನಾನು ಕಂಡಿದ್ದೇನೆ. 2022-23ನ್ನು ಕೇರಳ ಸರ್ಕಾರ ಉದ್ಯಮ ವರ್ಷವೆಂದು ಸಾರಿ, ಪಂಚಾಯತುಗಳಿಗೆ ಮಾರ್ಗದರ್ಶನಕ್ಕೆಂದು ಯುವ ಇಂಟರ್ನ್‌ಗಳನ್ನು ನೇಮಿಸಿತ್ತು. ನಮ್ಮ ಪಂಚಾಯತಿಗೆ ಬಂದಿದ್ದ ಹುಡುಗ ಜಿಲ್ಲೆಯ ದಕ್ಷಿಣದವನು, ಕನ್ನಡದ ಒಂದು ಅಕ್ಷರವೂ ಬಾರದವನು. ಆದರೂ ನಾಲ್ಕು ಸಂಜೆ ನನ್ನ ಅಂಗಡಿಯಲ್ಲಿ ಕುಳಿತು, ನಾನು ಒಂದೊಂದು ಸಾಲನ್ನೂ ಅನುವಾದಿಸಿ ಹೇಳುವಷ್ಟು ಹೊತ್ತು ಕಾದು, ಯೋಜನಾ ವರದಿಯನ್ನು ಮುಗಿಸಿಕೊಟ್ಟ. ಮಲಯಾಳಂ ಎಂದರೆ ನಮಗೆ ಕಷ್ಟ ಕೊಡುವ ಭಾಷೆ ಎಂದಷ್ಟೇ ತಿಳಿದಿರುವ ನಮ್ಮವರಿಗೆ ಆ ಹುಡುಗನ ತಾಳ್ಮೆಯನ್ನು ನಾನು ಅನೇಕ ಸಲ ಹೇಳಿದ್ದೇನೆ.

ಘಟಕ 2022ರ ನವೆಂಬರಿನಲ್ಲಿ ಆರಂಭವಾಯಿತು. ಮಾರ್ಚಿನ ಎರಡನೆಯ ವಾರ ಬಾವಿಯ ತಳ ಕಂಡಿತು.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಗೆಗೆ ಕೊಡ ಹಿಡಿದು ನಿಲ್ಲಬೇಕಾದದ್ದು ಹೊರಗಿನವರಿಗೆ ಅರ್ಥವಾಗದ ಸಂಗತಿ. ನಮ್ಮ ಮುರಕಲ್ಲಿನ ಗುಡ್ಡೆಗಳು ನೀರನ್ನು ಹಿಡಿದಿಡುವುದಿಲ್ಲ. ಜೂನಿನಲ್ಲಿ ಬಿದ್ದದ್ದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದು, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಬಲುಬೇಗ ಹೋಗಿಬಿಡುತ್ತದೆ. ಹಿರಿಯರು ಇದಕ್ಕೆ ಎರಡು ಉಪಾಯ ಮಾಡಿದ್ದರು: ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ ಮತ್ತು ತೋಡಿಗೆ ಅಡ್ಡವಾಗಿ ಪ್ರತಿವರ್ಷ ಹಾಕುವ ಕಟ್ಟ ಎಂಬ ಒಡ್ಡು. ಮಳೆ ಪೂರ್ತಿ ನಿಂತು ಹರಿವು ತೆಳುವಾದ ಮೇಲೆ, ಡಿಸೆಂಬರ್ ಜನವರಿಯ ಹೊತ್ತಿಗೆ, ಕಲ್ಲು ಮತ್ತು ಮಣ್ಣಿನಿಂದ ಕಟ್ಟಿ, ಮುಂದಿನ ಮಳೆಗಾಲದ ಮೊದಲು ಬಿಡಿಸುವುದು ಅದರ ಕ್ರಮ. ಒಂದರ ಕೆಳಗೆ ಒಂದರಂತೆ ಸಾಲು ಕಟ್ಟಗಳಿದ್ದರೆ ತೋಡಿನ ಎರಡೂ ಬದಿಯ ಬಾವಿ, ಕೆರೆಗಳಿಗೆ ಒರತೆ ಬರುತ್ತದೆ. ಏತಡ್ಕದ ಕಟ್ಟಗಳ ಬಗ್ಗೆ ನಮ್ಮ ಜಿಲ್ಲೆಯವರೇ ಆದ ಪತ್ರಕರ್ತ ಶ್ರೀಪಡ್ರೆಯವರು ಬರೆದು ಲೋಕಕ್ಕೆ ತಿಳಿಸಿದ್ದಾರೆ. ಆದರೆ ಕೊಳವೆಬಾವಿ ಮತ್ತು ಪಂಪು ಬಂದ ಮೇಲೆ ಅವರವರ ನೀರು ಅವರವರಿಗಾಗಿ, ಕಟ್ಟಕ್ಕೆ ಆಳು ಕೊಡುವ, ಪಾಲಿನ ಹಣ ಕೊಡುವ ಪದ್ಧತಿ ಹಲವೆಡೆ ನಿಂತಿತು. ನಮ್ಮ ತೋಡಿನಲ್ಲಿ ಕೊನೆಯ ಕಟ್ಟ ಕಟ್ಟಿ 20 ವರ್ಷಗಳ ಮೇಲಾಗಿತ್ತು.

ಟ್ಯಾಂಕರ್ ನೀರು ತರಿಸಿ ಆ ಬೇಸಗೆಯನ್ನು ಕಳೆಯಬಹುದಿತ್ತು, ಲೆಕ್ಕ ಹಾಕಿದರೆ ತಟ್ಟೆಯ ಲಾಭವೆಲ್ಲ ಟ್ಯಾಂಕರಿಗೇ ಹೋಗುತ್ತಿತ್ತು. ಕೊಳವೆಬಾವಿ ಕೊರೆಸೋಣ ಎಂದು ಡಿಪ್ಲೊಮಾದ ಹುಡುಗ ಹೇಳಿದ. ನಮ್ಮ ಕೊಳವೆಬಾವಿಗೆ ನೀರು ಸಿಕ್ಕಿದರೆ ಕೆಳಗಿನ ಮನೆಯ ಮುದುಕಿಯ ಬಾವಿಗೆ ಏನಾಗುತ್ತದೆ ಎಂದು ಕೇಳಿದವಳು ಎಂ.ಎ. ಓದಿದ ಹುಡುಗಿ, 2020ರಲ್ಲಿ ಆ ಮುದುಕಿಗೆ ರಕ್ತದೊತ್ತಡದ ಮಾತ್ರೆ ಮುಟ್ಟಿಸುತ್ತಿದ್ದವಳೂ ಅವಳೇ. ಆ ಒಂದು ಪ್ರಶ್ನೆಯಿಂದ ಅವರ ದಾರಿ ಬದಲಾಯಿತು. ಉದ್ಯಮಶೀಲತೆಯ ಬಗ್ಗೆ ಭಾಷಣ ಮಾಡುವವರು ಸಾಮಾನ್ಯವಾಗಿ ಧೈರ್ಯ, ಹೊಸತನ, ಮಾರುಕಟ್ಟೆ ಎಂಬ ಶಬ್ದಗಳನ್ನು ಹೇಳುತ್ತಾರೆ. ನನ್ನ ಕಣ್ಣೆದುರಿನ ಉದ್ಯಮ ಉಳಿದದ್ದು ನೆರೆಮನೆಯ ಬಾವಿಯನ್ನೂ ತನ್ನ ಲೆಕ್ಕದಲ್ಲಿ ಸೇರಿಸಿಕೊಂಡದ್ದರಿಂದ.

ಹೀಗೆ ಅವರು ಗ್ರಾಮಸಭೆಗೆ ಹೋದರು. ಕೇರಳದಲ್ಲಿ ಗ್ರಾಮಸಭೆ ವಾರ್ಡಿಗೊಂದು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಜನ ಇರಬೇಕು ಎಂದು ಕಾಯ್ದೆ ಹೇಳುತ್ತದೆ. 1996ರ ಜನಕೀಯ ಯೋಜನೆಯ ಕಾಲದಲ್ಲಿ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ತೀರ್ಮಾನವಾದಾಗಿನಿಂದ, ರಸ್ತೆ, ನೀರು, ದನದ ಕೊಟ್ಟಿಗೆ, ವೃದ್ಧರ ಮಂಚದವರೆಗಿನ ಫಲಾನುಭವಿಗಳ ಪಟ್ಟಿ ಅಲ್ಲಿಯೇ ಓದಲ್ಪಡುತ್ತದೆ. ಇಷ್ಟು ದೊಡ್ಡ ಅಧಿಕಾರವಿರುವ ಸಭೆಗೆ ನಮ್ಮ ವಾರ್ಡಿನಲ್ಲಿ ಬರುತ್ತಿದ್ದವರು ಪಟ್ಟಿಯಲ್ಲಿ ಹೆಸರಿರುವ ಹಿರಿಯರು ಮತ್ತು ಕುಟುಂಬಶ್ರೀಯ ಹೆಂಗಸರು ಮಾತ್ರ. ಮೂವತ್ತು ದಾಟದವರು ಕಾಣುತ್ತಿರಲಿಲ್ಲ. ನಾನೂ ಎಷ್ಟೋ ವರ್ಷ ಹೋಗಿರಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ಹೋದರೂ ಮಲಯಾಳಂನಲ್ಲಿ ಓದುವ ಯೋಜನೆಯ ಕರಡು ಅರ್ಧಕ್ಕರ್ಧ ಜನರಿಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ಕೈ ಎತ್ತುತ್ತಿದ್ದರು, ಸಹಿ ಹಾಕುತ್ತಿದ್ದರು, ಚಹಾ ಕುಡಿದು ಮನೆಗೆ ಬರುತ್ತಿದ್ದರು.

ಭಾಷೆಯ ವಿಷಯ ನನ್ನ ಮಟ್ಟಿಗೆ ಹಳೆಯ ಗಾಯ. ನನ್ನ ತಂದೆ ಬದುಕಿದ್ದಾಗ ಜಮೀನಿನ ಒಂದು ತಿದ್ದುಪಡಿಗಾಗಿ ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿಯಲ್ಲಿ ಓದದೆಯೇ ಹಿಂದಕ್ಕೆ ಕೊಟ್ಟು, ಮಲಯಾಳಂನಲ್ಲಿ ಬರೆಸಿ ತರಲು ಹೇಳಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಯಲ್ಲಿ ಕನ್ನಡ ಕಲಿತ ಮನುಷ್ಯ ಆ ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡು ಬಸ್ಸಿನಲ್ಲಿ ಒಂದು ಮಾತೂ ಆಡದೆ ಮನೆಗೆ ಬಂದದ್ದು ನನಗೆ ಈಗಲೂ ನೆನಪಿದೆ. ನಾನು ಈ ಅಂಗಡಿ ತೆರೆದದ್ದಕ್ಕೆ ಆ ದಿನವೇ ಕಾರಣ. ಆದರೆ ನಾನು ಮಾಡಿದ್ದು ಕನ್ನಡದವರ ಮಾತನ್ನು ಮಲಯಾಳಂಗೆ ತಿರುಗಿಸಿ ಕೆಲಸ ಸಾಗಿಸಿಕೊಟ್ಟದ್ದಷ್ಟೇ. ಆ ಹುಡುಗಿ ಇನ್ನೊಂದು ದಾರಿ ಹಿಡಿದಳು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡ ಮತ್ತು ತಮಿಳು ಜನರು ಅಲ್ಲಿನ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎಂದಿದೆ. ಅವಳು ಆ ಭಾಗದ ಪ್ರತಿ ತೆಗೆಸಿ, ತೋಡಿಗೆ ಕಟ್ಟ ಬೇಕೆಂಬ ಅರ್ಜಿಯನ್ನು ಕನ್ನಡದಲ್ಲಿ ಬರೆದು, ಆ ಪ್ರತಿಯನ್ನು ಜೊತೆಗಿಟ್ಟು, 62 ಮನೆಗಳ ಸಹಿ ಹಾಕಿಸಿ ಪಂಚಾಯತಿಗೆ ಕೊಟ್ಟಳು. ಮಲಯಾಳಂ ಅನುವಾದವನ್ನೂ ಸೇರಿಸೋಣ, ಕೆಲಸ ಬೇಗ ಆಗುತ್ತದೆ ಎಂದು ನಾನು ಹೇಳಿದೆ. ಬೇಡ, ಎರಡು ತಿಂಗಳು ತಡವಾದರೂ ಆಗಲಿ, ಈ ಅರ್ಜಿ ಕನ್ನಡದ್ದಾಗಿಯೇ ಒಳಗೆ ಹೋಗಬೇಕು ಎಂದಳು. ಅವಳ ಮಾತು ಸರಿಯಾಗಿತ್ತು.

ಅರ್ಜಿ ಕೊಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಮುಂದಿನ ಗ್ರಾಮಸಭೆಗೆ ಮೊದಲು ಯೋಜನೆಯ ಕರಡನ್ನು ತರಿಸಿಕೊಂಡು, ನಾಲ್ಕು ರಾತ್ರಿ ಕುಳಿತು ಕನ್ನಡಕ್ಕೆ ತಂದು, ನನ್ನ ಅಂಗಡಿಯಲ್ಲಿ 100 ಪ್ರತಿ ತೆಗೆಸಿ ಮನೆಮನೆಗೆ ಹಂಚಿದರು. ಆ ಸಭೆಯ ದಿನ ಶಾಲೆಯ ವರಾಂಡದಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕುಳಿತಿದ್ದರು. ಎಪ್ಪತ್ತು ದಾಟಿದ ಒಬ್ಬ ಕೃಷಿಕರು ಕೈಯಲ್ಲಿದ್ದ ಕಾಗದವನ್ನು ಎತ್ತಿ ಹಿಡಿದು, ಮೂರನೆಯ ಪುಟದ ಏಳನೆಯ ಕೆಲಸ ಕಳೆದ ವರ್ಷದ ಯೋಜನೆಯಲ್ಲೂ ಇತ್ತಲ್ಲ, ಆ ಮೋರಿ ಎಲ್ಲಿದೆ ಎಂದು ಕೇಳಿದರು. ಸದಸ್ಯರು ಉತ್ತರ ಕೊಡಬೇಕಾಯಿತು. ಕಾಗದ ಓದಲು ಬಂದರೆ ಮನುಷ್ಯ ಎಷ್ಟು ನೇರವಾಗಿ ನಿಲ್ಲುತ್ತಾನೆ ಎಂಬುದನ್ನು ನಾನು ಆ ದಿನ ಕಂಡೆ.

ಇದು ನಮ್ಮ ಮಣ್ಣಿಗೆ ತೀರ ಹೊಸತೇನೂ ಅಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ದಶಕಗಳಲ್ಲಿ, ಪಡ್ರೆ ಗ್ರಾಮದ ಸ್ವರ್ಗ ಎಂಬ ಊರಿನಲ್ಲಿ ರೋಗಿಗಳ ನಡುವೆ ಇದ್ದ ಡಾ. ವೈ. ಎಸ್. ಮೋಹನ ಕುಮಾರರು ತಾವು ಕಂಡದ್ದನ್ನು ಬರೆದಿಡದೆ ಹೋಗಿದ್ದರೆ, ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗದೆ ಇದ್ದಿದ್ದರೆ, 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧದವರೆಗೆ ಆ ಮಾತು ಮುಟ್ಟುತ್ತಿರಲಿಲ್ಲ. 2017ರಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದ ಮೇಲೂ, ಅನೇಕ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕಚೇರಿಗಳಿಗೆ ಅಲೆಯುವುದು ನಿಲ್ಲಲಿಲ್ಲ. ಅವರಲ್ಲಿ ಕೆಲವರ ಕಾಗದಗಳೂ ನನ್ನ ಮೇಜಿನ ಮೇಲೆ ಬಂದಿವೆ. ಆ ಹೋರಾಟದ ಮನೆಗಳಲ್ಲಿ ಬೆಳೆದ ಮಕ್ಕಳು ಈಗ ಯುವಕರಾಗಿದ್ದಾರೆ. ಕಾಗದ, ಸಹಿ, ತಾರೀಕು, ರಸೀದಿಗಳ ಬೆಲೆ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಪಂಚಾಯತಿನ ಉತ್ತರ ಬರಲು 71 ದಿನ ಬೇಕಾಯಿತು. ಅದು ಕನ್ನಡದಲ್ಲಿತ್ತು. ಒತ್ತಕ್ಷರಗಳು ಕೆಲವೆಡೆ ತಪ್ಪಿದ್ದವು, ವಾಕ್ಯ ಮಲಯಾಳಂನ ನಡಿಗೆಯಲ್ಲಿತ್ತು, ಆದರೆ ಕಡತದ ಸಂಖ್ಯೆ, ಮೊಹರು, ಸಹಿ ಎಲ್ಲವೂ ಇದ್ದ ಕನ್ನಡದ ಪತ್ರ. ಮಳೆಗಾಲದಲ್ಲಿ ಕೊಚ್ಚಿಹೋಗುವ ಕೆಲಸಕ್ಕೆ ಆ ವರ್ಷ ಹಣ ಕೊಡಲಾಗದು, ಮಣ್ಣು ತುಂಬುವ ಚೀಲಗಳನ್ನು ಕೊಡಬಹುದು, ಮುಂದಿನ ಯೋಜನೆಯಲ್ಲಿ ಪರಿಗಣಿಸಲಾಗುವುದು ಎಂದು ಬರೆದಿತ್ತು. ಹುಡುಗಿ ಅದನ್ನು ಲ್ಯಾಮಿನೇಶನ್ ಮಾಡಿಸಿದಳು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಂದು ಪ್ರತಿ ಮಾಡಿ ನನ್ನ ಮನೆಯ ಗೋಡೆಯಲ್ಲಿ, ತಂದೆಯ ಫೋಟೋದ ಕೆಳಗೆ ಇಟ್ಟೆ.

2025ರ ಮೇ ತಿಂಗಳಲ್ಲಿ ದೊಡ್ಡ ಪೆಟ್ಟು ಬಿತ್ತು. ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯಲ್ಲಿರುವ ಅರೆಕೊಲಿನ್‌ನಂತಹ ಹಾನಿಕರ ವಸ್ತುಗಳು ಊಟಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆಮದನ್ನು ತಡೆಯಿತು. ಮಂಗಳೂರಿನ ರಫ್ತುದಾರರಿಗೆ ತಟ್ಟೆ ಕೊಡುತ್ತಿದ್ದ ಘಟಕಗಳು ಪುತ್ತೂರು, ಸುಳ್ಯದಿಂದ ನಮ್ಮಲ್ಲಿಯವರೆಗೆ ಒಟ್ಟಿಗೇ ತತ್ತರಿಸಿದವು. ಈ ನಾಲ್ವರ ಮಾಲಿನಲ್ಲೂ ಅರ್ಧದಷ್ಟು ಆ ದಾರಿಯಲ್ಲೇ ಹೋಗುತ್ತಿತ್ತು. ನಮ್ಮ ಹಿರಿಯರು ಹಾಳೆಯಲ್ಲಿ ಉಂಡು ನೂರು ವರ್ಷ ಬದುಕಲಿಲ್ಲವೇ ಎಂದು ಕೋಪದಿಂದ ಹೇಳಿದವರು ಬಹಳ ಮಂದಿ. ಆ ಕೋಪದಲ್ಲಿ ನಾನು ಸೇರಲಾರೆ. ಮಕ್ಕಳು ಉಣ್ಣುವ ತಟ್ಟೆಯ ಬಗ್ಗೆ ಯಾರೇ ಪ್ರಶ್ನೆ ಕೇಳಿದರೂ ಅದಕ್ಕೆ ಪರೀಕ್ಷೆಯ ಉತ್ತರ ಬೇಕು. ಎಷ್ಟು ಬಿಸಿಯ ಸಾರಿಗೆ, ಎಷ್ಟು ಹೊತ್ತಿಗೆ, ಏನು ಇಳಿಯುತ್ತದೆ ಎಂದು ಅಳೆದು ಹೇಳುವ ಕೆಲಸವನ್ನು ಸರ್ಕಾರದ ಪ್ರಯೋಗಾಲಯಗಳು ಮಾಡಬೇಕು, ಅಡಿಕೆ ಬೆಳೆಗಾರರ ಸಂಸ್ಥೆಗಳು ಮಾಡಿಸಬೇಕು. ಕಾಸರಗೋಡು ಪಟ್ಟಣದ ಬಳಿಯಲ್ಲೇ ತೋಟಗಾರಿಕಾ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಿರುವ ಜಿಲ್ಲೆ ನಮ್ಮದು. ನಾಲ್ವರೂ ಇದನ್ನೇ ಕೇಳಿ ಮತ್ತೊಂದು ಮನವಿ ಬರೆದರು. ಈ ಸಲ ಸುತ್ತಲಿನ ಹನ್ನೊಂದು ಘಟಕಗಳ ಸಹಿಯೂ ಇತ್ತು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಘಟಕ ಮಾತ್ರ ಮುಚ್ಚಲಿಲ್ಲ. ಗ್ರಾಮಸಭೆಯಲ್ಲಿ, ಕಟ್ಟದ ಕೆಲಸದಲ್ಲಿ ಅವರನ್ನು ಕಂಡಿದ್ದ ಜನರೇ ದೇವಸ್ಥಾನದ ಅನ್ನದಾನಕ್ಕೆ, ಮಸೀದಿಯ ಇಫ್ತಾರಿಗೆ, ಶಾಲಾ ವಾರ್ಷಿಕೋತ್ಸವಕ್ಕೆ ಇವರಿಂದಲೇ ತಟ್ಟೆ ತೆಗೆದುಕೊಂಡರು. ಸಾಲದ ಕಂತು ಎರಡು ತಿಂಗಳು ತಪ್ಪಿತು, ಮೂರನೆಯ ತಿಂಗಳು ಕಟ್ಟಿದರು. ದುಬೈಯಿಂದ ಬಂದಿದ್ದ ಹುಡುಗ ಮನೆಯ ಕಷ್ಟ ತಾಳಲಾರದೆ ಪುನಃ ಹೋಗಬೇಕಾಯಿತು. ಅವನ ಪಾಸ್‌ಪೋರ್ಟಿನ ನವೀಕರಣದ ಅರ್ಜಿಯನ್ನು ತುಂಬಿಸಿದವನೂ ನಾನೇ. ಪ್ರತಿ ತಿಂಗಳು ಅವನು ತನ್ನ ಪಾಲಿನ ಹಣ ಕಳಿಸುತ್ತಾನೆ, ಕಟ್ಟದ ಫೋಟೋ ಕೇಳುತ್ತಾನೆ. ಎಂ.ಎ.ಯ ಹುಡುಗಿಗೆ ಶಿಕ್ಷಕಿಯ ಹುದ್ದೆ ಇನ್ನೂ ಸಿಕ್ಕಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ, ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನೆದುರು ಕುಳಿತುಕೊಳ್ಳಬೇಕಾಗಿ ಬಂದ ಜಿಲ್ಲೆಯಲ್ಲಿ ಇಂಥ ಹುಡುಗಿಯೊಬ್ಬಳು ಕಾಯುತ್ತಲೇ ಇರುವುದು ನನ್ನನ್ನು ಬಹಳ ನೋಯಿಸುತ್ತದೆ.

ಮೊದಲ ಕಟ್ಟವನ್ನು ಕಟ್ಟಿದ್ದು 2023ರ ಡಿಸೆಂಬರಿನಲ್ಲಿ. ಹಿಂದಿನ ಕ್ರಮದಂತೆ ತೋಡಿನ ಬದಿಯ ತೋಟದವರು ತೋಟದ ಅಳತೆಗೆ ಸರಿಯಾಗಿ ಹಣ ಹಾಕಿದರು, ತೋಟವಿಲ್ಲದವರು ಆಳಾಗಿ ಬಂದರು. ಕಲ್ಲು ಎಲ್ಲಿ ಕೂರಬೇಕೆಂದು ಹೇಳಲು ಹಳೆಯ ಕಟ್ಟ ಕಟ್ಟಿದ್ದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬ ಅಜ್ಜನನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಬಂದಿದ್ದರು. ಮೂರು ಭಾನುವಾರ ಬೇಕಾಯಿತು. ನೀರು ಏರುವುದು ಕಾಣಬೇಕೆಂದು ಡಿಪ್ಲೊಮಾದ ಹುಡುಗ ಘಟಕದ ಬಾವಿಯ ಗೋಡೆಯ ಕಲ್ಲುಗಳಿಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆದ. ಆ ಗೆರೆಗಳನ್ನು ಈಗ ಮೂರನೆಯ ವರ್ಷ ಬರೆಯುತ್ತಿದ್ದಾರೆ. ಕಳೆದ ಮಾರ್ಚಿನ ಗೆರೆ ಮೊದಲ ವರ್ಷದ ಜನವರಿಯ ಗೆರೆಗಿಂತ ಎರಡು ಕಲ್ಲು ಮೇಲಿತ್ತು, ಕೆಳಗಿನ ಮನೆಯ ಮುದುಕಿಯ ಬಾವಿಯಲ್ಲಿ ಮೇ ತಿಂಗಳಲ್ಲೂ ಕೊಡ ಮುಳುಗಿತು.

ಇದೇ ತೋಡಿಗೆ ಮೇಲ್ಗಡೆ ಇನ್ನೊಂದು ಕಟ್ಟ ಬರಬೇಕಾಗಿದೆ. ಅಲ್ಲಿನ ತೋಟದ ಯಜಮಾನರು ಮಣ್ಣು ಕುಸಿಯುವ ಭಯದಿಂದ ಇನ್ನೂ ಒಪ್ಪಿಲ್ಲ. ಅವರ ಭಯ ಆಧಾರವಿಲ್ಲದ್ದಲ್ಲ, ಅಲ್ಲಿ ದಡ ಕಡಿದಾಗಿದೆ. ಬರುವ ಭಾನುವಾರ ಬೆಳಗ್ಗೆ ಮೂವರೂ ಅವರ ಮನೆಗೆ ಹೋಗುವವರಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಅಂಗಡಿ ಅಂದು ಮಧ್ಯಾಹ್ನದ ಮೇಲೆ ತೆರೆಯುತ್ತೇನೆ.